ದೋಣಿ ಇಳಿಸುವ ಜಾಗ

೨೧ ಆಗಸ್ಟ್ ೧೯೮೮, ಭಾನುವಾರ

ಇವತ್ತಿನಿಂದ ನಮ್ಮ ಮನೆಗೆ ಬರುವವರೆಲ್ಲ ಅಡ್ಡಡ್ಡ ನಡೆದುಕೊಂಡು ಬರಬೇಕು. ಗೇಟಿನಿಂದ ಹಿತ್ತಲಿನವರೆಗಿನ ಓಣಿಯನ್ನು ನಮ್ಮ ಯಜಮಾನರ ದೋಣಿ ನುಂಗಿ ಕೂತಿದೆ. ಹಾಲಿನವನು ಗೇಟಿನ ಹೊರಗೇ ನಿಂತು ಪಾತ್ರೆ ಕೊಡಿ ಅಂದ. ಬೀದಿಯವರೆಲ್ಲ ಟಿ.ವಿ. ಮುಂದೆ ಕೂತಿದ್ದ ಹೊತ್ತು, ಸದ್ಯ ಮಾನ ಉಳಿಯಿತು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಸವೇಶ್ವರನಗರದಲ್ಲಿ ದೋಣಿ ಕಟ್ಟುವ ಗಂಡ ನನಗೊಬ್ಬಳಿಗೇ ಸಿಕ್ಕಿರುವುದು.

ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ. ಅದಕ್ಕೇ ಇವರ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿಯನ್ನು ಬೀರುವಿನಿಂದ ತೆಗೆದೆ. ಇದಕ್ಕೆ ನಗು ಬರುವುದಿಲ್ಲ.

ಇವರು ಮೇ ತಿಂಗಳಲ್ಲಿ ರಿಟೈರ್ ಆದರು. ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವ ಕೆಲಸ. ಕಬ್ಬಿಣದ ಯಾವ ಸಾಮಾನು ಬೇಕೋ ಅದನ್ನು ಮೊದಲು ಇವರು ಮರದಲ್ಲಿ ಮಾಡಿಕೊಡಬೇಕು. ಅದನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಕಾದ ಲೋಹ ಹುಯ್ಯುತ್ತಾರೆ. ಮರದ ಕೆಲಸದಲ್ಲಿ ಇವರಿಗೆ ಎದುರಿಲ್ಲ, ಅದನ್ನು ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಸುಮ್ಮನೆ ಮನೆಯಲ್ಲಿ ಒಂದು ಕಪಾಟು ಮಾಡಿಕೊಡಿ ಅಂದರೆ ಆಗಲಿಲ್ಲ.

ಎಲ್ಲ ಶುರುವಾದದ್ದು ಏಪ್ರಿಲ್ಲಿನಲ್ಲಿ. ನಮ್ಮ ಮಗಳು ಯಶೋದ ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಾಳೆ. ಅವರೆಲ್ಲ ಸೇರಿ ಬ್ಯಾಡರಹಳ್ಳಿಯಿಂದಾಚೆ ಸೀಗೇಪಾಳ್ಯದ ದೊಡ್ಡ ಕೆರೆಗೆ ಪಿಕ್‌ನಿಕ್ ಹೋದರು. ಇವಳಿಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ನಡೆಯುತ್ತಾಳೆ. ಅಲ್ಲಿನ ದೋಣಿಯವರು ಇಬ್ಬರು ಇವಳ ಕಂಕುಳಿಗೆ ಕೈಹಾಕಿ ಅಕ್ಕಿ ಮೂಟೆಯ ಹಾಗೆ ಎತ್ತಿ ದೋಣಿಗೆ ಹಾಕಿದರಂತೆ, ಇವಳ ಶಿಷ್ಯರೆಲ್ಲ ನೋಡುತ್ತ ನಿಂತಿದ್ದಾಗ. ನೀರಿನ ನಡುವೆ ಹೋದ ಮೇಲೆ ಇವಳು ಹುಟ್ಟು ಕೇಳಿ ತೆಗೆದುಕೊಂಡು ತಾನೇ ಹಾಕಿದ್ದಾಳೆ. ದೋಣಿಯವನು ಬೀಡಿ ಹಚ್ಚುವುದನ್ನು ಮರೆತು ನೋಡಿದನಂತೆ. ಮನೆಗೆ ಬಂದವಳು ಊಟ ಮಾಡಲಿಲ್ಲ. ಕ್ಲಬ್ಬಿಗೆ ಸೇರುತ್ತೇನೆ ಅಂದಳು.

ಕೆರೆಯ ಬೋಟಿಂಗ್ ಕ್ಲಬ್ಬಿನ ಸೆಕ್ರೆಟರಿ ಶ್ಯಾಮಸುಂದರ ಅಂತ, ವಿಜಯನಗರದವರು, ಒಳ್ಳೆಯವರೇ. ಇವರು ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟು: "ರೂಲ್ಸು ಕಮಿಟಿದು ಸಾರ್, ನಂದಲ್ಲ. ತಾವೇ ಹತ್ತಬೇಕು, ತಾವೇ ಇಳೀಬೇಕು, ನಡುವಿನ ಮಂಟಪಾನ ಒಂದು ಸುತ್ತು ಬರಬೇಕು. ದೋಣಿ ಯಾರಾದ್ರೂ ಹಿಡ್ಕೊಬಹುದು, ಜನಾನ ಮುಟ್ಟಂಗಿಲ್ಲ. ನವೆಂಬರ್ ಕಡೇ ಭಾನುವಾರ ಟೆಸ್ಟು. ಮೆಂಬರ್ ಅಲ್ದೋರ ದೋಣಿ ಕೆರೇಲಿ ಬಿಡಂಗಿಲ್ಲ."

ಕ್ಲಬ್ಬಿನ ದೋಣಿಗಳ ಅಂಚು ಎತ್ತರ, ಕಾಲಿಟ್ಟರೆ ವಾಲುತ್ತವಂತೆ. ಅದಕ್ಕೇ ಅಪ್ಪ ಮಗಳಿಗೆ ಅಗಲವಾದ, ಅಂಚು ತಗ್ಗಿರುವ ದೋಣಿ ಮಾಡಲು ಕೂತರು. ಟೆಸ್ಟಿನಲ್ಲಿ ಪಾಸಾಗದಿದ್ದರೆ ಈ ದೋಣಿ ನನ್ನ ಸ್ನಾನದ ಒಲೆಗೆ. ಓಣಿ ಖಾಲಿ ಮಾಡಿ ಅಂತ ಮನೆಯ ಮಾಲೀಕರು ಬೆಳಿಗ್ಗೆಯಿಂದ ಆಗಲೇ ಎರಡು ಸಲ ಹೇಳಿ ಕಳಿಸಿದ್ದಾರೆ.

ನನ್ನನ್ನು ಯಾರೂ ಕೇಳಲಿಲ್ಲ. ನೀರು ಬಕೆಟ್ಟಿನಲ್ಲಿದ್ದರೆ ಸಾಕು ಅನ್ನುವವಳು ನಾನು.

೨೫ ಆಗಸ್ಟ್, ಗುರುವಾರ

ನಡುಮನೆಯ ಕಿಟಕಿಗೆ ಪರದೆ ಬಟ್ಟೆ ತಂದು ಹೊಲಿಸಿದರೆ ಒಂದಿಂಚು ಗಿಡ್ಡ. ನಾನೇ ಇವರ ಪೆಟ್ಟಿಗೆಯ ಸ್ಟೀಲು ಸ್ಕೇಲಿನಲ್ಲಿ ಅಳೆದಿದ್ದೆ, ಎರಡೆರಡು ಸಲ. ಮಾಗಡಿ ರಸ್ತೆಯ ಬಟ್ಟೆ ಅಂಗಡಿಯವನ ಹತ್ತಿರ ಜಗಳವಾಡಿ ಬಂದೆ. ಕಟ್ ಮಾಡುವಾಗ ಎಳೆದು ಹಿಡಿದಿದ್ದಾನೆ ಕಳ್ಳ. ಅವನು, "ಅಮ್ಮ, ನೀವು ಹೇಳಿದಷ್ಟೇ ಕೊಟ್ಟಿದೀನಿ" ಅಂತ ದೇವರ ಫೋಟೋ ಮುಟ್ಟಿದ.

೪ ಸೆಪ್ಟೆಂಬರ್, ಭಾನುವಾರ

ಮೂವರೂ ಕೆರೆಗೆ ಹೋಗಿದ್ದೆವು, ದೋಣಿ ಎಲ್ಲಿ ಇಳಿಸುವುದು ನೋಡಿಕೊಂಡು ಬರಲು. ಅಬ್ಬ, ಎಷ್ಟು ದೊಡ್ಡ ಕೆರೆ. ಏರಿಯ ಮೇಲೆ ನಿಂತರೆ ಆಚೆ ದಡದ ಹಸುಗಳು ಹುರುಳಿಕಾಳಿನಷ್ಟು ಕಾಣುತ್ತವೆ. ನಡುವೆ ಕಲ್ಲಿನ ಮಂಟಪ, ಅದರ ಮೇಲೆ ಸಾಲಾಗಿ ನೀರುಕಾಗೆ. ನೋಡಲು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ದೂರದಿಂದ ನೋಡಲು.

ಕ್ಲಬ್ಬಿನ ಬೋಟ್‌ಹೌಸು ಏರಿಯ ಈ ತುದಿಗಿದೆ. ಕಡಲೆಕಾಯಿಯವರು, ಐಸ್‌ಕ್ರೀಮಿನವರು, ಕೆಂಪು ಶರಟಿನ ಹುಡುಗರು, ಜನವೋ ಜನ. ನೀರಿಗೆ ಸಿಮೆಂಟಿನ ಇಳಿಜಾರು ಮಾಡಿದ್ದಾರೆ. ಎರಡು ಕಡೆಯೂ ಮೊಣಕಾಲೆತ್ತರದ ಗೋಡೆ, ಒಂದು ಗೋಡೆಯ ಮೇಲೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ದೋಣಿಯನ್ನು ಅದರೊಳಗೆ ಜಾರಿಸುತ್ತಾರೆ. ಅಗಲ ಎಷ್ಟು ಅಂತ ಇವರು ಕೇಳಿದರು. ನಾಲ್ಕಡಿ ಅಂದರು ಶ್ಯಾಮಸುಂದರ. ಇವರು ಕಣ್ಣು ಮುಚ್ಚಿ ಲೆಕ್ಕ ಹಾಕಿ, "ನಮ್ದು ಒಂದು ಬೆರಳು ಕಮ್ಮಿ ಬರುತ್ತೆ, ಸಲೀಸಾಗಿ ಹೋಗುತ್ತೆ" ಅಂದರು.

ಬಸ್ಸಿನಲ್ಲಿ ಬರುವಾಗ ನಾನು ಅಂದೆ, ಬೆಳಿಗ್ಗೆ ಬೇಗ ಹೋದರೆ ಯಾರೂ ಇರುವುದಿಲ್ಲ, ನಾನೇ ಸೊಂಟ ಹಿಡಿದು ಎತ್ತಿ ಕೂರಿಸಿಬಿಡುತ್ತೇನೆ, ಸೆಕ್ರೆಟರಿಗೆ ತಾನೇ ಹತ್ತಿದೆ ಅಂದರಾಯಿತು.

ಯಶೋದ ಕಿಟಕಿಯಾಚೆ ನೋಡುತ್ತಲೇ ಹೇಳಿದಳು, "ನನ್ನನ್ನ ಎತ್ತೋದಾದ್ರೆ ನಂಗೆ ದೋಣಿನೇ ಬೇಡ."

"ಹುಟ್ಟಿದಾಗಿಂದ ಎತ್ತಿಲ್ವೇನೇ?"

"ಅದಕ್ಕೇ ಬೇಡ."

ಮಳೆಗಾಲದಲ್ಲಿ ಸ್ಕೂಲಿಗೆ ಇವಳನ್ನು ಬೆನ್ನ ಮೇಲೆ ಹೊತ್ತು ಹೋದವಳು ನಾನು. ಬಸ್ಸಿಗೆ ಹತ್ತಿಸಿದವಳು, ಮದುವೆ ಛತ್ರಗಳ ಮೆಟ್ಟಿಲು ಹತ್ತಿಸಿದವಳು ನಾನು. ಇವಳ ಕಾಲು ಅಂದರೆ ನಾನೇ ಅಂದುಕೊಂಡಿದ್ದೆ. ಈಗ ಅದೇ ತಪ್ಪಾಯಿತೇ. ಬಹಳ ನೊಂದುಕೊಂಡೆ.

೧೪ ಸೆಪ್ಟೆಂಬರ್, ಬುಧವಾರ

ನಿನ್ನೆ ಹಬ್ಬ. ಕಡುಬು ಮಾಡಿದೆ. ಮಾತು ಮಾತ್ರ ಬೇಕಾದಷ್ಟೇ.

ಯಶೋದ ಬಾವಿಕಟ್ಟೆಯ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದಳು. ಬೆಡ್‌ಶೀಟನ್ನು ಎರಡೇ ತಿರುವಿಗೆ ಹಿಂಡಿಬಿಟ್ಟಳು. ನಾನು ಮತ್ತು ಇವರು ಎರಡು ತುದಿ ಹಿಡಿದು ಎಳೆದಾಡುವ ಬೆಡ್‌ಶೀಟು ಅದು. ಅವಳ ತೋಳುಗಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಯಾವಾಗಲೂ ಕಾಲು ನೋಡುವುದೇ ಆಯಿತು.

೧೮ ಸೆಪ್ಟೆಂಬರ್, ಭಾನುವಾರ

ಜಾಗದ ವಿಚಾರ ಇವರಿಗೆ ಬಿಟ್ಟರೆ ಆಗುವುದಲ್ಲ. ಇವರಿಗೆ ದೋಣಿಯೊಂದು ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಬೋಟ್‌ಹೌಸಿನ ಇಳಿಜಾರಿನಲ್ಲಿ ಅಷ್ಟು ಜನದ ಎದುರು ಅವಳು ಜಾರಿ ಬಿದ್ದರೆ? ಕೆರೆಗೆ ಒಂದೇ ಬಾಗಿಲೇ? ಹೆಗ್ಗನಹಳ್ಳಿಯ ತಂಗಿ ಮನೆಗೆ ಹೋಗಿ ಬರ್ತೀನಿ ಅಂತ ಸುಳ್ಳು ಹೇಳಿ, ಒಬ್ಬಳೇ ಬ್ಯಾಡರಹಳ್ಳಿ ಬಸ್ಸು ಹತ್ತಿದೆ.

ಇವತ್ತು ನೋಡಿದ್ದು ಗಂಗಮ್ಮನ ಗುಡಿಯ ಮೆಟ್ಟಿಲು. ನೇರ ನೀರಿಗೆ ಇಳಿಯುತ್ತದೆ, ನೋಡಲು ಲಕ್ಷಣವಾಗಿದೆ. ಎರಡನೇ ಮೆಟ್ಟಿಲಿನಲ್ಲೇ ಪಾಚಿಗೆ ಜಾರಿ ದಡಕ್ಕನೆ ಕೂತೆ. ಗುಡಿಯ ಪೂಜಾರಿ, "ನಿಧಾನ ಕಣಮ್ಮ, ತಾಯಿ ಕರಕೊಂಡ್ಬಿಟ್ಟಾಳು" ಅಂದ. ಆ ಜಾಗ ಬೇಡ.

ಮನೆಗೆ ಬಂದಾಗ ಇವರು ತಂಗಿ ಹೇಗಿದ್ದಾಳೆ ಅಂದರು. ಸೊಂಟ ನೋವಂತೆ ಅಂದೆ.

೨೫ ಸೆಪ್ಟೆಂಬರ್, ಭಾನುವಾರ

ತೂಬಿನ ಕಡೆ ಹೋಗಿದ್ದೆ, ಗದ್ದೆಗೆ ನೀರು ಬಿಡುತ್ತಾರಲ್ಲ ಅಲ್ಲಿ. ಉದ್ದನೆಯ ಬಿದಿರು ಇಳಿಬಿಟ್ಟು ನೋಡಿದೆ. ಬಿದಿರೇ ಮುಳುಗಿತು. ಏರಿ ಹತ್ತಿ ಕೂತು ನೀರು ಕುಡಿದೆ.

ಮೋಡ ಬಂದಾಗ ಕೆರೆಯ ಬಣ್ಣ ಪೂರ್ತಿ ಬದಲಾಗುತ್ತದೆ. ಬಸ್ಸು ತಪ್ಪಿಸಿಕೊಂಡೆ, ಇದನ್ನೇ ನೋಡುತ್ತ ಕೂತು.

೨ ಅಕ್ಟೋಬರ್, ಭಾನುವಾರ

ಸಿಕ್ಕಿತು.

ಏರಿ ಮುಗಿದ ಮೇಲೆ ಕೆರೆ ಬಲಕ್ಕೆ ತಿರುಗುವ ಕಡೆ, ಎಮ್ಮೆ ಮೈತೊಳೆಯುವ ದಡ. ಬಯಲು ಹಾಗೇ ತಗ್ಗುತ್ತ ತಗ್ಗುತ್ತ ನೀರಾಗುತ್ತದೆ. ಸಗಣಿ ಇದೆ, ನೊಣ ಇದೆ, ಸುಳ್ಳೇಕೆ. ಆದರೆ ನೀರಿನಂಚಿಗೆ ಒಂದು ಚಪ್ಪಡಿ ಕಲ್ಲು ಬಿದ್ದಿದೆ, ಅರ್ಧ ಒಣ, ಅರ್ಧ ಒದ್ದೆ. ಕುರ್ಚಿಯಷ್ಟು ಎತ್ತರ. ಅದರ ಮೇಲೆ ಕೂತು ಬೂಟು ಬಿಚ್ಚಿಟ್ಟು, ತೋಳಿನ ಬಲದಿಂದ ದೋಣಿಗೆ ಸರಿದುಕೊಳ್ಳಬಹುದು. ಅವಳು ಮಂಚದಿಂದ ಕುರ್ಚಿಗೆ ಸರಿಯುವುದು ಹಾಗೇ ಅಲ್ಲವೇ.

ಎಮ್ಮೆ ತೊಳೆಯುತ್ತಿದ್ದ ಹೆಂಗಸು, ಅಣ್ಣಮ್ಮ ಅಂತೆ, ನಾನು ಕಲ್ಲಿನ ಮೇಲೆ ಕೂತು ಎದ್ದು ಕೂತು ಎದ್ದು ಮಾಡುವುದನ್ನು ನೋಡಿ ನೋಡಿ ಕೊನೆಗೆ ಕೇಳಿದಳು, "ಏನಮ್ಮಾ, ಬಟ್ಟೆ ತಂದಿಲ್ಲ, ಕೊಡ ತಂದಿಲ್ಲ, ಏನ್ ಹುಡುಕ್ತಿದೀರ?"

"ನನ್ನ ಮಗಳು ದೋಣಿ ಹತ್ತಬೇಕು" ಅಂದೆ.

"ಹತ್ತಲಿ ಬುಡಿ, ನನ್ನೆಮ್ಮೆಗಳೇನು ಬ್ಯಾಡ ಅಂದಾವಾ?"

ಆಳ ನೋಡಬೇಕಲ್ಲ. ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದೆ. ಕಾಲಬೆರಳ ಸಂದಿಯಲ್ಲಿ ಮಣ್ಣು ಮೆತ್ತಗೆ ಬಂತು. ಒಂದು ಎಮ್ಮೆಯ ಬೆನ್ನು ಹಿಡಿದುಕೊಂಡೆ. ಅದು ಸುಮ್ಮನೆ ನಿಂತಿತ್ತು.

೯ ಅಕ್ಟೋಬರ್, ಭಾನುವಾರ

ಮತ್ತೆ ಹೋಗಿದ್ದೆ. ತಳದಲ್ಲಿ ಕೆಸರಿದೆಯೋ ಮರಳಿದೆಯೋ ಖಾತ್ರಿ ಮಾಡಿಕೊಳ್ಳದಿದ್ದರೆ ಹೇಗೆ. ಸೊಂಟದವರೆಗೆ ಇಳಿಯಬೇಕಾಯಿತು. ಎಡಗಡೆ ಕೆಸರು, ಬಲಗಡೆ ಮರಳು. ಎರಡನ್ನೂ ಮತ್ತೆ ಮತ್ತೆ ನೋಡಿದೆ.

ಹೆಗ್ಗನಹಳ್ಳಿಯಿಂದ ಸೀರೆ ಒದ್ದೆ ಮಾಡಿಕೊಂಡು ಬರುವುದಕ್ಕೆ ಕಾರಣ ಹುಡುಕುವಷ್ಟರಲ್ಲಿ ಸಾಕಾಯಿತು. ಮಳೆ ಅಂದೆ. ಇವರು ಆಕಾಶ ನೋಡಿ ಮತ್ತೆ ಕೆಲಸಕ್ಕೆ ಬಾಗಿದರು. ದೋಣಿಯ ಸಂದಿಗೆ ಹತ್ತಿ ತುರುಕುವುದರಲ್ಲಿದ್ದರು.

೧೯ ಅಕ್ಟೋಬರ್, ಬುಧವಾರ, ಆಯುಧಪೂಜೆ

ದೋಣಿ ಮುಗಿಯಿತು. ಇವರು ಬೆಳಿಗ್ಗೆಯೇ ಉಳಿ, ಬಾಚಿ, ಗರಗಸ, ಸ್ಟೀಲು ಸ್ಕೇಲು ಎಲ್ಲ ತೊಳೆದು ದೋಣಿಯೊಳಗೆ ಜೋಡಿಸಿ, ಕುಂಕುಮ ಹಚ್ಚಿ, ಮೂತಿಗೆ ಸೇವಂತಿಗೆ ಹಾರ ಹಾಕಿದರು. ಬೂದುಗುಂಬಳಕಾಯಿಯನ್ನು ಗೇಟಿನ ಮುಂದೆ ಒಡೆದರು. ಆಗಸ್ಟಿನಿಂದ ಆ ವಸ್ತುವನ್ನು ಬೈದು ಬೈದು ದಾಟುತ್ತಿದ್ದೆ. ಇವತ್ತು ಆರತಿ ಎತ್ತುವಾಗ ಸರಿಯಾಗಿ ನೋಡಿದೆ. ಹಲಸಿನ ಹಲಗೆ ಒಂದಕ್ಕೊಂದು ಕೂತಿರುವ ರೀತಿಗೆ ಸಂದಿಯಲ್ಲಿ ಉಗುರು ಹೋಗುವುದಿಲ್ಲ. ಬಾಗಬೇಕಾದ ಕಡೆ ಹಲಗೆ ತಾನಾಗಿ ಬಾಗಿ ಬೆಳೆದ ಹಾಗಿದೆ. ನನ್ನ ಗಂಡನ ಕೈಗೆ ಕಣ್ಣು ಬೀಳಬಾರದು.

ಪೂಜೆ ಮುಗಿದ ಮೇಲೆ ಎಮ್ಮೆ ದಡದ ವಿಚಾರ ಎತ್ತಿದೆ. ಯಾರೋ ಹೇಳಿದರು, ಅಲ್ಲಿ ಅನುಕೂಲವಂತೆ, ಒಂದು ಕಲ್ಲಿದೆಯಂತೆ ಅಂದೆ.

ಇವರಿಗೆ ಸಿಟ್ಟೇ ಬಂತು. "ಇಂಥ ದೋಣಿನ ಸಗಣೀಲಿ ಇಳಿಸ್ತಾರೇನೇ? ಬೋಟ್‌ಹೌಸಿರೋದ್ಯಾಕೆ? ಅಲ್ಲಿಯ ಇಳಿಜಾರಿಗೆ ಅಂತಾನೇ ಅಳತೆ ಇಟ್ಟು ಮಾಡಿದೀನಿ."

ಯಶೋದ ಮೆಲ್ಲಗೆ ಹೇಳಿದಳು, "ಅಮ್ಮ, ನನ್ನನ್ನ ಮೂಟೆ ಥರ ಎತ್ತಿದ್ದು ಅಲ್ಲೇ. ಅಷ್ಟು ಜನದ ಮುಂದೆ. ನಾನು ಹತ್ತೋದೂ ಅಲ್ಲೇ, ಅಷ್ಟೇ ಜನದ ಮುಂದೆ."

ಈ ಛಲ ಯಾರದ್ದೋ. ಇವರದ್ದಂತೂ ಅಲ್ಲ.

೧೩ ನವೆಂಬರ್, ಭಾನುವಾರ

ದೀಪಾವಳಿ ಕಳೆಯಿತು. ಜಾಗ ತೀರ್ಮಾನವಾಗಿದೆ, ನನಗಲ್ಲಿ ಕೆಲಸವಿಲ್ಲ. ಆದರೂ ಹೋಗಿದ್ದೆ. ಅಣ್ಣಮ್ಮನಿಗೆ ಹಬ್ಬದ ಕಜ್ಜಾಯ ಕೊಡಬೇಕಿತ್ತು.

ಮುಳುಗಿ ಏಳುವುದನ್ನು ಹೇಳಿಕೊಟ್ಟಳು, ಮೂಗು ಹಿಡಿದು. ಮಳೆ ಅಂದರೆ ಇನ್ನು ಯಾರೂ ನಂಬುವುದಿಲ್ಲ ಅಂತ ಒಂದು ಒಣ ಸೀರೆ ಚೀಲದಲ್ಲಿ ಇಟ್ಟುಕೊಂಡೇ ಹೋಗಿದ್ದೆ.

೨೬ ನವೆಂಬರ್, ಶನಿವಾರ

ನಾಳೆ. ಇವರು ಊಟ ಬಿಟ್ಟಿದ್ದಾರೆ. ಯಶೋದ ಹುಟ್ಟುಗಳಿಗೆ ಎಣ್ಣೆ ಒರೆಸುತ್ತ ಕೂತಿದ್ದಾಳೆ. ನಾನು ಬಿಸಿಬೇಳೆ ಬಾತು ಕಟ್ಟಿಕೊಳ್ಳಲೋ ಚಿತ್ರಾನ್ನವೋ ಅಂತ ಕೇಳಿದೆ. ಇಬ್ಬರೂ ಹೂಂ ಅಂದರು.

೨೭ ನವೆಂಬರ್, ಭಾನುವಾರ

ಕೈ ಬೆರಳೆಲ್ಲ ನೋವು, ಅಕ್ಷರ ಸೊಟ್ಟಗೆ ಬರುತ್ತಿದೆ. ಆದರೂ ಬರೆಯುತ್ತೇನೆ.

ಮೆಟಡೋರಿನಲ್ಲಿ ದೋಣಿ ಹಾಕಿಕೊಂಡು ಹೊರಟೆವು. ಮಾಗಡಿ ರಸ್ತೆಯ ಉದ್ದಕ್ಕೂ ಜನ ನಿಂತು ನೋಡಿದರು. ಬಟ್ಟೆ ಅಂಗಡಿಯವನೂ ನೋಡಿದ. ಇವರು ದೋಣಿಯ ಪಕ್ಕದಲ್ಲಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದರು.

ಬೋಟ್‌ಹೌಸಿನ ಹತ್ತಿರ ಜಾತ್ರೆಯಷ್ಟು ಜನ. ನಾಲ್ಕು ಜನ ಸೇರಿ ದೋಣಿಯನ್ನು ಇಳಿಜಾರಿನ ಬಾಯಿಗೆ ತಂದು ಬಿಟ್ಟರು. ಮೂತಿ ಸಲೀಸಾಗಿ ಹೋಯಿತು. ಹೊಟ್ಟೆಯ ಭಾಗ ಬಂದಾಗ ಎರಡೂ ಗೋಡೆಗೆ ಕಚ್ಚಿಕೊಂಡು ನಿಂತುಬಿಟ್ಟಿತು. ನೂಕಿದರು. ಇನ್ನೂ ಬಿಗಿಯಾಯಿತು. ಹಿಂದಿನಿಂದ ಯಾರೋ, "ಸೋಪು ಹಚ್ಚಿ ಗುರು" ಅಂದ. ಎಲ್ಲ ನಕ್ಕರು.

ಇವರು ನಂಬಲಿಲ್ಲ. ಗೋಡೆ ಒಳಕ್ಕೆ ಕಟ್ಟಿದ್ದೀರ ಅಂತ ಶ್ಯಾಮಸುಂದರರ ಮೇಲೆ ಹಾರಿದರು. ಅವರು ಪಾಪ ಒಳಗಿನಿಂದ ಟೇಪು ತರಿಸಿ ಅಳೆದು ತೋರಿಸಿದರು. ಗೋಡೆ ಸರಿಯಾಗಿ ನಾಲ್ಕಡಿ. ದೋಣಿ ಅಳೆದರೆ ಅದಕ್ಕಿಂತ ಅರ್ಧ ಇಂಚು ಜಾಸ್ತಿ. ಇವರು ತಮ್ಮ ಸ್ಟೀಲು ಸ್ಕೇಲನ್ನು ಆ ಟೇಪಿನ ಪಕ್ಕದಲ್ಲಿ ಇಟ್ಟು ನೋಡಿದರು. ನೋಡಿದವರು ಹಾಗೇ ಕುಕ್ಕರಿಸಿ ಕೂತುಬಿಟ್ಟರು.

ನಾನು ಹತ್ತಿರ ಹೋದೆ. ಮುಖದಲ್ಲಿ ರಕ್ತವೇ ಇರಲಿಲ್ಲ. "ಎರಡು ಸ್ಕೇಲಿದ್ವು ಕಣೇ" ಅಂದರು. "ಮಾಮೂಲಿದು ಫ್ಯಾಕ್ಟರೀಲೇ ಬಿಟ್ಟು ಬಂದಿದೀನಿ. ಇದು ಉಕ್ಕಿನ ಎರಕದ ಪ್ಯಾಟರ್ನಿಗೆ ಅಂತಾನೇ ಇರೋದು. ಕಾದ ಉಕ್ಕು ಆರಿದ ಮೇಲೆ ಕುಗ್ಗುತ್ತಲ್ಲ, ಅದಕ್ಕೆ ಈ ಸ್ಕೇಲಲ್ಲಿ ಅಡಿಗೆ ಕಾಲಿಂಚು ಜಾಸ್ತಿ ಇಟ್ಟಿರ್ತಾರೆ. ಇಷ್ಟು ವರ್ಷ ಇದೇ ಕೈಯಲ್ಲಿತ್ತು. ಗೊತ್ತೇ ಆಗ್ಲಿಲ್ಲ."

ಆಮೇಲೆ ಯಶೋದ ನಕ್ಕಳು. ಚಿಕ್ಕವಳಿದ್ದಾಗ ನಗುತ್ತಿದ್ದಳಲ್ಲ, ಹೊಟ್ಟೆ ಹಿಡಿದುಕೊಂಡು, ಹಾಗೆ. "ಅಪ್ಪ, ಇದು ಮರ ಕಣಪ್ಪ. ಸಾಯಂಕಾಲದವರೆಗೂ ಕಾದ್ರೂ ಆರಿ ಕುಗ್ಗಲ್ಲ."

ಇವರು ನಗಲಿಲ್ಲ. "ತಗೊಂಡ್ ನಡೀರಿ ಮನೆಗೆ" ಅಂದರು. ಆ ದನಿ ಕೇಳಿ ನನಗೆ ಭಯವಾಯಿತು. ದೋಣಿ ವಾಪಸು ಹೋದರೆ ಇವರು ಉಳಿ ಇನ್ನೊಮ್ಮೆ ಮುಟ್ಟುವುದಿಲ್ಲ ಅನ್ನಿಸಿತು. ಅವಳ ನಗುವೂ ನಿಂತುಹೋಗಿತ್ತು. ನಾನು ನೇರ ಶ್ಯಾಮಸುಂದರರ ಹತ್ತಿರ ಹೋಗಿ ಕೇಳಿದೆ, "ಸಾರ್, ದೋಣಿ ಇಲ್ಲಿಂದಲೇ ಇಳಿಸಬೇಕು ಅಂತ ರೂಲ್ಸಿದೆಯಾ?"

"ಹಾಗೇನಿಲ್ಲಮ್ಮ. ಎಲ್ಲಿಂದಾದ್ರೂ ಇಳಿಸಬಹುದು."

"ಎಮ್ಮೆ ದಡದಿಂದ ಇಳಿಸ್ತೀವಿ."

"ಅಲ್ಲಿ ಆಳ ಎಷ್ಟಿದೆಯೋ ಏನೋ. ನಮ್ಮೋರ್ಯಾರೂ ಆ ಕಡೆ ಇಳಿದಿಲ್ಲ."

"ನಾನು ಇಳಿದಿದೀನಿ" ಅಂದೆ. "ಕಲ್ಲಿನ ಹತ್ರ ಮೊಣಕಾಲು. ಆಚೆ ಹೋದ್ರೆ ಸೊಂಟ. ಎಡಕ್ಕೆ ಕೆಸರು, ಬಲಕ್ಕೆ ಮರಳು. ಅದಕ್ಕಿಂತ ಆಚೆ ಹೋದ್ರೆ ಕುತ್ತಿಗೆ ಬರುತ್ತೆ, ಆದ್ರೆ ತಳ ಗಟ್ಟಿಯಿದೆ."

ಇವರು ತಲೆ ಎತ್ತಿ ನನ್ನನ್ನೇ ನೋಡಿದರು. "ಹೆಗ್ಗನಹಳ್ಳಿ?" ಅಂದರು.

"ಆಮೇಲೆ ಹೇಳ್ತೀನಿ, ಏಳಿ" ಅಂದೆ.

ಯಶೋದ ಬೋಟ್‌ಹೌಸಿನ ಕಡೆ ಒಂದು ಸಲ ನೋಡಿದಳು. ಆಮೇಲೆ ಮೊದಲು ಹೊರಟವಳು ಅವಳೇ.

ದೋಣಿ ಮತ್ತೆ ಮೆಟಡೋರಿಗೆ ಹತ್ತಿತು. ಏರಿಯ ಮೇಲೆ ಮೆಟಡೋರು ಮುಂದೆ, ಅದರ ಹಿಂದೆ ನಾವು, ನಮ್ಮ ಹಿಂದೆ ಕಡಲೆಕಾಯಿ ತಿನ್ನುತ್ತ ಆ ಜನವೆಲ್ಲ. ಸೋಪು ಹಚ್ಚಿ ಅಂದವನೂ ಬಂದ. ಅವಳಿಗೆ ಬೇಕಾಗಿದ್ದ ಜನ ಅವಳ ಜತೆಯಲ್ಲೇ ಬಂದರು. ಅಣ್ಣಮ್ಮ ಎಮ್ಮೆಗಳನ್ನು ಆಚೆ ಹೊಡೆದು ಜಾಗ ಬಿಡಿಸಿದಳು. ದೋಣಿ ಬಯಲಿನ ಮೇಲೆ ಜಾರಿ, ಯಾವ ಗೋಡೆಯ ಹಂಗೂ ಇಲ್ಲದೆ ನೀರಿಗೆ ಹೋಗಿ ತೇಲಿತು. ನಾನು ಸೀರೆ ಕಟ್ಟಿ ಇಳಿದು ಆಚೆ ಕಡೆಯ ಅಂಚು ಹಿಡಿದು ಕಲ್ಲಿಗೆ ಒತ್ತಿ ನಿಂತೆ.

ಕ್ಲಬ್ಬಿನವರು ಕೊಟ್ಟ ಜಾಕೆಟ್ಟು ಹಾಕಿಕೊಂಡು ಯಶೋದ ಕಲ್ಲಿನ ಮೇಲೆ ಕೂತಳು. ಬಕಲು ಬಿಚ್ಚಿದಳು. ಬೂಟು ತೆಗೆದು ಪಕ್ಕದಲ್ಲಿಟ್ಟಳು. ಆ ಕಾಲನ್ನು ನಾನು ಇಷ್ಟು ವರ್ಷ ಹೊರಗಿನ ಒಂದು ಕಣ್ಣಿಗೂ ತೋರಿಸಿದವಳಲ್ಲ. ಇವಳು ಅಷ್ಟು ಜನದ ಎದುರು ಬಿಸಿಲಿಗೆ ಚಾಚಿದಳು. ಕೈ ಎರಡನ್ನೂ ಅಂಚಿನ ಮೇಲೆ ಊರಿ ಮೈ ಎತ್ತಿದಳು. ದೋಣಿ ಅಲುಗಿತು. ಇವಳು ಜಾರಿ ಕಲ್ಲಿಗೇ ಕುಸಿದಳು, ಮೊಣಕೈ ತರಚಿತು. ಜನ ಅಯ್ಯೋ ಅಂದರು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು, ಬಾ ಎತ್ತುತ್ತೇನೆ. ಆದರೆ ಕೈ ಬಿಟ್ಟರೆ ದೋಣಿ ಹೋಗುತ್ತದೆ. ಬೆರಳು ಬಿಳಿಚುವ ಹಾಗೆ ಅಂಚನ್ನು ಹಿಡಿದುಕೊಂಡೇ ನಿಂತೆ.

"ಅಮ್ಮ, ಸೊಂಟ ಕೊಟ್ಟು ಒತ್ತು" ಅಂದಳು.

ಒತ್ತಿದೆ. ಎರಡನೇ ಸಲ ಅವಳ ತೋಳಿನ ನರ ಎದ್ದು ಕಂಡವು. ಮೈ ಗಾಳಿಯಲ್ಲಿ ಒಂದು ಗಳಿಗೆ ನಿಂತು, ದಡಾರನೆ ದೋಣಿಯೊಳಗೆ ಬಿತ್ತು. ಕಾಲನ್ನು ಕೈಯಿಂದ ಎತ್ತಿ ಒಳಗೆಳೆದುಕೊಂಡಳು. ಹುಟ್ಟು ಹಿಡಿದಳು. "ಬಿಡಮ್ಮ" ಅಂದಳು.

ಬಿಟ್ಟೆ.

ಅವಳು ಹೋದ ರೀತಿ ಹೇಗೆ ಬರೆಯಲಿ. ನೆಲದ ಮೇಲೆ ಅವಳು ಒಂದು ಹೆಜ್ಜೆ ಎತ್ತಿಡುವಷ್ಟರಲ್ಲಿ ನಾನು ಮೂರು ಹೆಜ್ಜೆ ಹೋಗಿ ತಿರುಗಿ ನೋಡುತ್ತ ನಿಲ್ಲುತ್ತಿದ್ದೆ. ಇವತ್ತು ನಾನು ನಿಂತೆ, ಅವಳು ಹೋದಳು. ಹಿಂದೆ ಬಂದ ಕ್ಲಬ್ಬಿನ ದೋಣಿ ಅವಳನ್ನು ಮುಟ್ಟಲಾರದೆ ಏದುಸಿರು ಬಿಟ್ಟಿತು. ಮಂಟಪದ ಹಿಂದೆ ಮರೆಯಾದಳು. ಆಚೆ ಕಡೆಯಿಂದ, ಬೆಳಿಗ್ಗೆ ಇವರು ಮೂತಿಗೆ ಹಾಕಿದ್ದ ಹಾರ ಕಂಡಿತು. ನೀರುಕಾಗೆಗಳು ಎದ್ದು ಅವಳ ತಲೆಯ ಮೇಲೆ ಒಂದು ಸುತ್ತು ಹಾಕಿದವು. ಎಷ್ಟು ಚೆಲುವಾಗಿದ್ದಾಳೆ ನನ್ನ ಮಗಳು.

ಇವರು ಯಾವಾಗ ನೀರಿಗೆ ಇಳಿದು ಪಕ್ಕಕ್ಕೆ ಬಂದಿದ್ದರೋ. "ಒಂದ್ ಕಡೆಗೂ ವಾಲ್ತಿಲ್ಲ ನೋಡು" ಅಂದರು. "ಆ ಜಾಸ್ತಿ ಅಗಲಕ್ಕೇ ಇರಬೇಕು." ಇಸ್ತ್ರಿ ಶರಟು ಎದೆಯವರೆಗೆ ಒದ್ದೆ. ಕಣ್ಣೂ ಒದ್ದೆ.

ವಾಪಸು ಬಂದು ಕಲ್ಲಿಗೆ ದೋಣಿ ತಾಗಿಸಿ, ನಾನು ಅಂಚು ಹಿಡಿಯುವ ಮೊದಲೇ ಅವಳು ಕಲ್ಲಿನ ಮೇಲೆ ಕೂತಿದ್ದಳು. ಶ್ಯಾಮಸುಂದರ ಬಂದು ಅವಳ ಕೈ ಕುಲುಕಿ, "ಮುಂದಿನ ಭಾನುವಾರ ಬನ್ನಿ ಮೇಡಂ" ಅಂದರು. ಮೇಡಂ ಅಂದರು.

೨೮ ನವೆಂಬರ್, ಸೋಮವಾರ

ಬಟ್ಟೆ ಅಂಗಡಿಯವನಿಗೆ ಮುಖ ತೋರಿಸುವುದು ಹೇಗೆ. ಒಂದು ಡಬ್ಬಿ ಚಕ್ಕುಲಿ ಕಳಿಸಿದ್ದೇನೆ, ಯಾಕೆ ಅಂತ ಹೇಳದೆ.

ಇವರು ಆ ಸ್ಕೇಲನ್ನು ದೇವರ ಗೂಡಿನ ಮೇಲೆ ಇಟ್ಟಿದ್ದಾರೆ. ಓಣಿ ಖಾಲಿಯಾಗಿದೆ. ಬೆಳಿಗ್ಗೆ ಅಭ್ಯಾಸದ ಮೇಲೆ ಅಡ್ಡಡ್ಡ ನಡೆದೆ.

೧೧ ಡಿಸೆಂಬರ್, ಭಾನುವಾರ

ಈಗ ಪ್ರತಿ ಭಾನುವಾರ ಕೆರೆ. ನಾನು ಹೋಗುವುದು ಬುತ್ತಿ ಕೊಡಲು, ಅಷ್ಟೇ. ಅಣ್ಣಮ್ಮನೂ ಸಿಗುತ್ತಾಳೆ.

ಇವತ್ತು ಒಂದು ಸುತ್ತು ಮುಗಿಸಿ ಬಂದ ಯಶೋದ ಕಲ್ಲಿನ ಪಕ್ಕಕ್ಕೆ ದೋಣಿ ತಂದು, "ಹತ್ತಮ್ಮ" ಅಂದಳು.

ನನ್ನ ಕೈಲಿ ಆಗುವುದಿಲ್ಲ ಅಂದೆ. ಮೈ ಭಾರ, ಸೀರೆ ಬೇರೆ. ಮೊಣಕಾಲು ಬೇರೆ ಹಿಡಿದುಕೊಂಡಿದೆ. "ಅಣ್ಣಮ್ಮನ್ನ ಕೂಗೇ, ಇಬ್ರೂ ಸೇರಿ ನನ್ನನ್ನ ಎತ್ತಿ ಕೂರಿಸಿ."

"ಯಾರೂ ಎತ್ತಂಗಿಲ್ಲ. ರೂಲ್ಸು" ಅಂದಳು.

ಕಲ್ಲಿನ ಮೇಲೆ ಕೂತೆ. ಕೈ ಊರಿದೆ. ಮೊದಲ ಸಲ ನೇರ ನೀರಿಗೆ. ಎಮ್ಮೆಗಳೆಲ್ಲ ತಿರುಗಿ ನೋಡಿದವು, ಅಣ್ಣಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಮೂಗಿನಿಂದ ನೀರು ಬಂತು, ಬೈದೆ, ಮತ್ತೆ ಕಲ್ಲು ಹತ್ತಿ ಕೂತೆ. ಯಶೋದ ಒಂದು ಹುಟ್ಟನ್ನು ಕಲ್ಲಿನ ಸಂದಿಗೆ ಕೊಟ್ಟು ಎರಡೂ ಕೈಯಲ್ಲಿ ದೋಣಿಯನ್ನು ಒತ್ತಿ ಹಿಡಿದಿದ್ದಳು. ನಾನು ಜಾರಿದಾಗಲೆಲ್ಲ ಅವಳ ಬೆರಳು ಹುಟ್ಟಿನ ಮೇಲೆ ಬಿಗಿಯಾಗುತ್ತಿತ್ತು. ತುಟಿ ಕಚ್ಚಿಕೊಂಡಿದ್ದಳು. ಕೈ ಬಿಡಲಿಲ್ಲ, ನನ್ನನ್ನು ಮುಟ್ಟಲಿಲ್ಲ.

ಮೂರನೇ ಸಲವೋ ನಾಲ್ಕನೆಯದೋ, ಮುಖ ಅಡಿಯಾಗಿ ದೋಣಿಯೊಳಗೆ ಬಿದ್ದೆ. ಹಲಸಿನ ಮರದ ವಾಸನೆ ಮೂಗಿಗೆ ಹೊಡೆಯಿತು. ಎದ್ದು ಕೂತು ಸೆರಗು ಹಿಂಡಿಕೊಂಡೆ.

ಮಂಟಪದವರೆಗೂ ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ. ಮಂಟಪದ ನೆರಳಿನಲ್ಲಿ ದೋಣಿ ನಿಲ್ಲಿಸಿ ಕೇಳಿದಳು, "ಇಳಿಯೋವಾಗ ಏನ್ ಮಾಡ್ತೀಯ?"

"ನಾನೇ ಇಳೀತೀನಿ ಕಣೇ" ಅಂದೆ. "ನೀನು ದೋಣಿ ಹಿಡ್ಕೊ, ಸಾಕು."